ನಾಲ್ಕು ನಿಮಿಷದ ಅಕ್ಕ

ಹತ್ತೊಂಬತ್ತು ವರ್ಷಗಳಿಂದ ನಾನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಕೈಯಲ್ಲಿ ಒಂದೇ ಒಂದು ಬಾಟಲಿಯೂ ಅದಲುಬದಲಾಗಿಲ್ಲ. ಇದನ್ನು ನಾನು ವಿನಯದಿಂದ ಹೇಳುತ್ತಿದ್ದೇನೆಂದು ಯಾರೂ ತಪ್ಪು ತಿಳಿಯಬಾರದು, ಎದೆಯುಬ್ಬಿಸಿಯೇ ಹೇಳುತ್ತಿದ್ದೇನೆ!

ಕೆರೆಯ ನೀರು, ಬಾವಿಯ ನೀರು, ಕೊಳಾಯಿಯ ನೀರು, ಯಾವುದನ್ನೇ ಆಗಲಿ ಬಾಟಲಿಗೆ ತುಂಬಿಸಿ ಸಾಲಾಗಿ ನಿಲ್ಲಿಸಿದರೆ ನೋಡುವುದಕ್ಕೆ ಎಲ್ಲವೂ ಒಂದೇ. ಯಾವುದು ಯಾವುದೆಂದು ಹೇಳುವುದು ಮೇಲಿನ ಚೀಟಿ ಮಾತ್ರ. ಅದರಲ್ಲಿ ದಿನ, ಗಂಟೆ, ನಿಮಿಷ ಇರಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನ ನಾನು ಹೇಳುವ ಮಾತು ಒಂದೇ: "ಚೀಟಿಯನ್ನ ಮುಚ್ಚಳಕ್ಕೆ ಅಂಟಿಸಬೇಡಿ, ಬಾಟಲಿಗೆ ಅಂಟಿಸಿ. ತೊಳೆಯೋವಾಗ ಇದರ ಮುಚ್ಚಳ ಅದಕ್ಕೆ ಹೋಗುತ್ತೆ, ಅದರದ್ದು ಇದಕ್ಕೆ ಬರುತ್ತೆ." ಕೆಲವರು ಇದನ್ನು ಬರೆದುಕೊಳ್ಳುತ್ತಾರೆ. ಬರೆದುಕೊಳ್ಳದವರನ್ನು ನಾನು ಒಂದು ಸಲ ನೋಡುತ್ತೇನೆ. ಆಮೇಲೆ ಅವರೂ ಬರೆದುಕೊಳ್ಳುತ್ತಾರೆ.

ಇಂಥ ನನ್ನ ಮನೆಯ ಕಂಪ್ಯೂಟರಿನಲ್ಲಿ ಹದಿನಾಲ್ಕು ಸಾವಿರದ ಇನ್ನೂರ ಹನ್ನೆರಡು ಫೋಟೋಗಳು ದಿಕ್ಕುದೆಸೆಯಿಲ್ಲದೆ ಬಿದ್ದಿದ್ದವು! "ಹೊಸ ಫೋಲ್ಡರ್", "ಹೊಸ ಫೋಲ್ಡರ್ 2", "ಹೊಸ ಫೋಲ್ಡರ್ 2 ನಕಲು". "ದಯವಿಟ್ಟು ಅಳಿಸಬೇಡಿ" ಎಂಬ ಹೆಸರಿನ ಫೋಲ್ಡರನ್ನು ಭಯಭಕ್ತಿಯಿಂದ ತೆರೆದರೆ ಒಳಗೆ ಒಂದೇ ಫೋಟೋ. ಅದು ನನ್ನ ಅತ್ತೆಯ ಹೆಬ್ಬೆರಳು. ಅವರ ಪುಟ್ಟ ಕ್ಯಾಮೆರಾದಲ್ಲಿ ಅವರೇ ತೆಗೆದದ್ದು, ಬಹಳ ಹತ್ತಿರದಿಂದ.

ಶನಿವಾರ ಬೆಳಿಗ್ಗೆ ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿ ನಾನು ಘೋಷಿಸಿದೆ. "ನಾಳೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ಈ ಮನೆಯ ಪ್ರತಿಯೊಂದು ಫೋಟೋಗೂ ಒಂದು ಹೆಸರು ಇರುತ್ತೆ. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು! ತೆಗೆದ ಕ್ಷಣವೇ ಅದರ ಹೆಸರು!"

ನನ್ನ ಹೆಂಡತಿ ಗ್ರಂಥಪಾಲಕಿ. ಹೆಸರು, ಸಂಖ್ಯೆ, ಕಪಾಟು ಇವೇ ಅವಳ ದಿನದ ಕೆಲಸ. ಆದ್ದರಿಂದ ನನ್ನ ಯೋಜನೆಗೆ ಮೊದಲ ಚಪ್ಪಾಳೆ ಅವಳದೇ ಎಂದುಕೊಂಡಿದ್ದೆ.

"ರೀ, ಪುಸ್ತಕ ಕೇಳೋಕೆ ಬಂದವರು ಅದು ಅಚ್ಚಾದ ನಿಮಿಷ ಹೇಳ್ಕೊಂಡು ಬರಲ್ಲ," ಎಂದಳು. "'ಕೆಂಪು ರಟ್ಟಿನ ಪುಸ್ತಕ, ಕೊನೇಲಿ ನಾಯಿ ವಾಪಸ್ ಬರುತ್ತಲ್ಲ, ಅದು' ಅಂತಾರೆ. ನಾನು ತೆಗೆದುಕೊಡ್ತೀನಿ."

"ಅದು ಕಥೆ. ಇದು ವಿಜ್ಞಾನ."

"ಸರಿ ವಿಜ್ಞಾನಿಗಳೇ. ನನ್ನ ತಂಗಿ ನಕ್ಕೂ ನಕ್ಕೂ ಕುರ್ಚಿಯಿಂದ ಬಿದ್ದಳಲ್ಲ, ಆ ಫೋಟೋ ಹುಡುಕಿಕೊಡಿ ನೋಡೋಣ."

"ಎಷ್ಟು ಗಂಟೆಗೆ ಬಿದ್ದಳು?"

ಅವಳು ಕಾಫಿಯ ಲೋಟ ಎತ್ತಿಕೊಂಡು ಒಳಗೆ ಹೋದಳು.

ಇಲ್ಲಿ ನಮ್ಮ ಮನೆಯ ಉಳಿದವರ ಬಗ್ಗೆ ಹೇಳಬೇಕು. ನಮಗೆ ಇಬ್ಬರು ಹೆಣ್ಣುಮಕ್ಕಳು, ಅವಳಿ, ಹನ್ನೊಂದು ವರ್ಷ. ದೊಡ್ಡವಳು ಉದ್ದಕ್ಕೆ, ಶಾಂತವಾಗಿ, ಆಕಾಶ ನೋಡುತ್ತಾ ಇರುವವಳು. ಚಿಕ್ಕವಳು ಗುಂಡಗೆ, ವಾದಕ್ಕೆ ನಿಂತರೆ ವಕೀಲರೂ ಕುರ್ಚಿ ಬಿಟ್ಟು ಏಳಬೇಕು. ಇಬ್ಬರ ನಡುವೆ ನಾಲ್ಕು ನಿಮಿಷದ ಅಂತರ. ಆದರೆ ಆ ನಾಲ್ಕು ನಿಮಿಷ ನಮ್ಮ ಮನೆಯ ಸಂವಿಧಾನ! ಕಾರಿನ ಮುಂದಿನ ಸೀಟು ಯಾರಿಗೆ? ಅಕ್ಕನಿಗೆ. ಮಹಡಿ ಮಂಚದ ಮೇಲಿನ ಹಾಸಿಗೆ ಯಾರಿಗೆ? ಅಕ್ಕನಿಗೆ. ರಸ್ತೆ ದಾಟುವಾಗ ಕೈ ಹಿಡಿದುಕೊಳ್ಳಬೇಕಾದವಳು, ಏನಾದರೂ ಒಡೆದರೆ ಮೊದಲು ಬೈಸಿಕೊಳ್ಳಬೇಕಾದವಳು? ಅವಳೂ ಅಕ್ಕನೇ.

ಕಳೆದ ವಾರ ಮೆಟ್ಟಿಲ ತುದಿಯ ಸಣ್ಣ ಕೋಣೆಯಿಂದ ಹಳೆಯ ಸೂಟ್‌ಕೇಸುಗಳನ್ನೂ ಒಂದು ರೆಕ್ಕೆ ಕಳೆದುಕೊಂಡ ಫ್ಯಾನನ್ನೂ ಹೊರಗೆ ಹಾಕಿದ್ದೆವು. ಒಂದು ಕಿಟಕಿ, ಕಿಟಕಿಯಲ್ಲಿ ಕಾಲು ಭಾಗ ಆಕಾಶ, ಮುಕ್ಕಾಲು ಭಾಗ ಪಕ್ಕದ ಮನೆಯ ಗೋಡೆ. ಅದು ಯಾರಿಗೆ ಎಂಬ ಪ್ರಶ್ನೆ ಬಂದಾಗ ನಾನು ಸಂವಿಧಾನ ತೆರೆದು ತೀರ್ಪು ಕೊಟ್ಟಿದ್ದೆ.

"ನಾಲ್ಕು ನಿಮಿಷಕ್ಕೆ ಒಂದು ಇಡೀ ಕೋಣೇನಾ ಅಪ್ಪಾ?" ಎಂದು ಚಿಕ್ಕವಳು ಕೂಗಿದ್ದಳು. "ಅಂದ್ರೆ ಒಂದು ನಿಮಿಷಕ್ಕೆ ಒಂದು ಗೋಡೆ!"

"ನಿಯಮ ಅಂದ್ರೆ ನಿಯಮ. ಅವಳು ಅಕ್ಕ."

ದೊಡ್ಡವಳು ಆಗಲೇ ಅಲ್ಲಿ ನಕ್ಷತ್ರಗಳ ನಕ್ಷೆಯೊಂದನ್ನು ಅಂಟಿಸಿದ್ದಳು. ಭಾನುವಾರ ಮಧ್ಯಾಹ್ನ ಹಾಸಿಗೆ ಸಾಗಿಸುವುದೆಂದು ನಿಶ್ಚಯವಾಗಿತ್ತು.

ನಾಲ್ಕನೆಯವರು ನನ್ನ ಅತ್ತೆ, ಹೆಂಡತಿಯ ತಾಯಿ, ನಮ್ಮ ಜತೆಯೇ ಇದ್ದಾರೆ. ದೂರವಾಣಿ ಕಚೇರಿಯಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಯಾರು ಏನು ಹೇಳಿದರೂ ಒಂದು ಕ್ಷಣ ತಡೆದು, ಆಮೇಲೆ ಸಂಪರ್ಕ ಕೊಟ್ಟಂತೆ ಮಾತಾಡುತ್ತಾರೆ.

ಶನಿವಾರವಿಡೀ ನಾನು ದುಡಿದೆ. ನನ್ನ ಕ್ಯಾಮೆರಾದ ಫೋಟೋ, ಅತ್ತೆಯ ಕ್ಯಾಮೆರಾದ ಫೋಟೋ, ಮೂರು ಫೋನುಗಳ ಫೋಟೋ, ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿದೆ. ಡಿಜಿಟಲ್ ಕ್ಯಾಮೆರಾ ಒಂದು ಅದ್ಭುತ ಪ್ರಾಣಿ. ಫೋಟೋ ತೆಗೆದ ಕ್ಷಣವನ್ನು ಸೆಕೆಂಡಿನ ಸಮೇತ ಫೋಟೋದ ಹೊಟ್ಟೆಯೊಳಗೇ ಬರೆದಿಡುತ್ತದೆ. ಅದನ್ನು ಹೊರತೆಗೆದು ಹೆಸರಾಗಿ ಇಡುವ ಒಂದು ತಂತ್ರಾಂಶ ತಂದು ಗುಂಡಿ ಒತ್ತಿದೆ. ಹದಿನಾಲ್ಕು ಸಾವಿರದ ಇನ್ನೂರ ಹನ್ನೆರಡು ಅನಾಥರಿಗೆ ಒಂದೇ ಸಂಜೆ ಸಾಮೂಹಿಕ ನಾಮಕರಣ! ನನ್ನ ಕಣ್ಣು ಸ್ವಲ್ಪ ಒದ್ದೆಯಾಯಿತೆಂದು ಹೇಳಲು ಸಂಕೋಚವಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರನ್ನೂ ಹಜಾರದಲ್ಲಿ ಕೂರಿಸಿದೆ. ಕಂಪ್ಯೂಟರಿಗೆ ಟಿವಿ ಜೋಡಿಸಿ, ಕೈಯಲ್ಲಿ ಸ್ಕೇಲು ಹಿಡಿದು ನಿಂತೆ.

"ಕೇಳಿ! ಯಾವ ದಿನ ಬೇಕಾದ್ರೂ ಕೇಳಿ! ಮನುಷ್ಯ ಮರೀತಾನೆ, ಮನುಷ್ಯ ಸುಳ್ಳು ಹೇಳ್ತಾನೆ. ಕ್ಯಾಮೆರಾ ಎರಡನ್ನೂ ಮಾಡಲ್ಲ!"

ಈ ವಾಕ್ಯವನ್ನು ನಾನು ಯಾಕೆ ಹೇಳಿದೆನೋ! ನಾಲಿಗೆಯನ್ನು ಯಾರಾದರೂ ಆಗಲೇ ಕಟ್ಟಿಹಾಕಿದ್ದರೆ!

"ನಾವು ಹುಟ್ಟಿದ್ದು ತೋರಿಸು," ಎಂದಳು ಚಿಕ್ಕವಳು.

ಅದಕ್ಕಿಂತ ಸುಲಭದ ಪ್ರಶ್ನೆ ಯಾವುದಿದೆ? ಆ ದಿನಕ್ಕೆ ಹೋದೆ. ಪರದೆಯ ಮೇಲೆ ಮೊದಲ ಫೋಟೋ ಬಂತು. ಹೆಸರಿನ ಕೊನೆಯಲ್ಲಿ: 103107. ಅಂದರೆ ಹತ್ತು ಗಂಟೆ ಮೂವತ್ತೊಂದು ನಿಮಿಷ ಏಳು ಸೆಕೆಂಡು. ಆಸ್ಪತ್ರೆಯ ತೂಕದ ಯಂತ್ರ, ಅದರ ಮೇಲೆ ಬರಿಮೈಯ ಒಂದು ಮಗು, ಕಾಲು ಕ್ಯಾಮೆರಾದ ಕಡೆಗೆ. ಎಡಗಾಲಿನ ಹಿಮ್ಮಡಿಯಲ್ಲಿ ಕಾಳುಮೆಣಸಿನಷ್ಟು ದೊಡ್ಡ ಕಪ್ಪು ಮಚ್ಚೆ.

ಮಚ್ಚೆ ಇರುವುದು ಚಿಕ್ಕವಳಿಗೆ.

ಮುಂದಿನ ಫೋಟೋ: 103822. ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗು, ಮುಖ ಮಾತ್ರ ಕಾಣುತ್ತದೆ. ಬಟ್ಟೆಯ ಮೇಲೆ ನಾನೇ ಅಂಟಿಸಿದ ಚೀಟಿ, ನನ್ನದೇ ಅಕ್ಷರದಲ್ಲಿ "1". ಹೌದು, ಅಂದು ಹೆರಿಗೆ ಕೋಣೆಯ ಹೊರಗೆ ನಿಂತಿದ್ದಾಗ ನನ್ನ ಜೇಬಿನಲ್ಲಿ ಪ್ರಯೋಗಾಲಯದ ಚೀಟಿಗಳಿದ್ದವು. ನರ್ಸಮ್ಮ ಮೊದಲ ಮಗುವನ್ನು ತಂದು ಕೈಗಿಟ್ಟ ತಕ್ಷಣ "1" ಅಂಟಿಸಿದೆ. ಎರಡನೆಯದಕ್ಕೆ "2". ಹುಟ್ಟಿದ ಮಕ್ಕಳೆಂದರೆ ಎರಡೂ ಕೆಂಪು, ಎರಡೂ ಸುಕ್ಕು, ಎರಡಕ್ಕೂ ಕೋಪ. ಚೀಟಿಯಿಲ್ಲದೆ ಹೇಗೆ ಗುರುತಿಸುವುದು? ಈ ಮುನ್ನೆಚ್ಚರಿಕೆಯ ಕಥೆಯನ್ನು ನಾನು ನೆಂಟರಿಗೆ ಕಡಿಮೆಯೆಂದರೆ ಇನ್ನೂರು ಸಲ ಹೇಳಿದ್ದೇನೆ.

ಚಿಕ್ಕವಳು ಸೋಫಾದ ಮೇಲೆ ನಿಧಾನವಾಗಿ ಎದ್ದು ನಿಂತಳು.

"ನಾನು ಹತ್ತು ಮೂವತ್ತೊಂದು. ಅವಳು ಹತ್ತು ಮೂವತ್ತೆಂಟು." ಅವಳು ಪರದೆಯತ್ತ ಬೆರಳು ತೋರಿಸಿದಳು. "ಅಪ್ಪಾ! ಹನ್ನೊಂದು ವರ್ಷ ನಾನು ಇವಳನ್ನ ಅಕ್ಕ ಅಂದೆ!"

ನನ್ನ ಕೈಯಲ್ಲಿದ್ದ ಸ್ಕೇಲು ಬಿತ್ತು.

"ಏನೋ ತಪ್ಪಾಗಿದೆ," ಎಂದೆ.

"ಕ್ಯಾಮೆರಾ ಸುಳ್ಳು ಹೇಳಲ್ಲ ಅಂತ ಈಗ ತಾನೇ ಅಂದೆ! ಎಲ್ರೂ ಕೇಳಿಸ್ಕೊಂಡಿದಾರೆ. ಅಜ್ಜಿ, ಕೇಳಿಸ್ತಲ್ವಾ?"

ಅತ್ತೆ ಒಂದು ಕ್ಷಣ ತಡೆದರು. "ಸ್ಪಷ್ಟವಾಗಿ ಕೇಳಿಸ್ತು."

ದೊಡ್ಡವಳು ಪರದೆಯನ್ನೇ ನೋಡುತ್ತಾ ಕೂತಿದ್ದಳು. ಅವಳ ಮುಖ ಬಿಳಿಚಿತ್ತು.

"ರೀ, ನಾನು ಒಂದು ಮಾತು..." ಎಂದು ನನ್ನ ಹೆಂಡತಿ ಬಾಯಿ ತೆರೆದಳು.

"ಒಂದು ನಿಮಿಷ ಇರೇ. ಇದು ಭಾವನೆಯಿಂದ ಬಗೆಹರಿಯೋ ವಿಷಯ ಅಲ್ಲ!" ಎಂದು ಕೈ ಎತ್ತಿ ತಡೆದೆ. ಆಗಲೇ ನನಗೆ ಹೊಳೆಯಿತು. "ಎರಡೂ ಬೇರೆ ಬೇರೆ ಕ್ಯಾಮೆರಾ! ಹತ್ತು ಮೂವತ್ತೆಂಟರದ್ದು ನನ್ನದು. ಅದರ ಗಡಿಯಾರಾನ ತಿಂಗಳಿಗೊಮ್ಮೆ ರೇಡಿಯೋ ಸಮಯಕ್ಕೆ ಸರಿ ಮಾಡ್ತಿದ್ದೆ. ಹತ್ತು ಮೂವತ್ತೊಂದರದ್ದು ಅತ್ತೆಯದು. ಅತ್ತೆ, ನಿಮ್ಮ ಕ್ಯಾಮೆರಾದಲ್ಲಿ ಯಾವತ್ತಾದ್ರೂ ಟೈಮ್ ಸರಿ ಮಾಡಿದ್ರಾ?"

"ಕ್ಯಾಮೆರಾದಲ್ಲಿ ಟೈಮೂ ಇರುತ್ತಾ?" ಎಂದರು ಅತ್ತೆ.

ಜೀವ ಬಂದಂತಾಯಿತು! ಅತ್ತೆಯ ಫೋಟೋವನ್ನು ದೊಡ್ಡದು ಮಾಡಿ ಮೂಲೆಮೂಲೆ ಶೋಧಿಸಿದೆ. ತೂಕದ ಯಂತ್ರದ ಹಿಂದೆ, ಗೋಡೆಯ ಮೇಲೆ, ಒಂದು ಗುಂಡು ಗಡಿಯಾರ! ಅದರಲ್ಲಿ ಹತ್ತು ಐವತ್ತು!

"ನೋಡಿ! ನಿಜವಾದ ಸಮಯ ಹತ್ತು ಐವತ್ತು. ಅತ್ತೆಯ ಕ್ಯಾಮೆರಾ ಹತ್ತೊಂಬತ್ತು ನಿಮಿಷ ಹಿಂದೆ! ಚೀಟಿಯ ಮಗು ಹತ್ತು ಮೂವತ್ತೆಂಟು, ಮಚ್ಚೆಯ ಮಗು ಹತ್ತು ಐವತ್ತು. ಸಂವಿಧಾನ ಭದ್ರವಾಗಿದೆ!"

ದೊಡ್ಡವಳು ಸೋಫಾಕ್ಕೆ ಒರಗಿ ಕೂತಳು. ನಾನು ಬಿದ್ದ ಸ್ಕೇಲು ಎತ್ತಿಕೊಂಡೆ.

"ರೀ, ಅದಲ್ಲ, ನಾನು ಹೇಳೋದು..." ಎಂದಳು ಹೆಂಡತಿ.

"ಇರೇ, ಲೆಕ್ಕ ತಪ್ಪುತ್ತೆ!"

ಆದರೆ ಚಿಕ್ಕವಳು ಕೂರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಪರದೆಯ ಹತ್ತಿರ ಹೋದಳು. "ಪರೀಕ್ಷೆ ಮಾಡೋ ಯಂತ್ರಾನ ಮೊದಲು ಪರೀಕ್ಷೆ ಮಾಡ್ಬೇಕು ಅಂತ ನೀನೇ ಹೇಳ್ತೀಯಲ್ಲ ಅಪ್ಪಾ? ಈ ಗಡಿಯಾರಾನ ಯಾರು ಪರೀಕ್ಷೆ ಮಾಡಿದ್ರು?"

ಮಗಳು ನನ್ನ ಮಾತನ್ನು ನನಗೇ ತಿರುಗಿಸಿದಳು. ಹೆಮ್ಮೆಯೂ ಭಯವೂ ಒಟ್ಟಿಗೆ ಆಯಿತು. ಆಸ್ಪತ್ರೆಯಲ್ಲಿದ್ದ ಮೂರು ದಿನಗಳ ಅರವತ್ತೊಂದು ಫೋಟೋಗಳನ್ನೂ ಒಂದೊಂದಾಗಿ ತಿರುವಿದೆವು. ಐವತ್ತೆಂಟನೆಯದು, ಮೂರನೇ ದಿನ ಮನೆಗೆ ಹೊರಡುವ ಮುಂಚೆ ಮತ್ತೆ ತೂಕ ನೋಡಿದಾಗಿನದು. ಅದೇ ಕೋಣೆ, ಅದೇ ಯಂತ್ರ, ಅದೇ ಗೋಡೆ. ನನ್ನ ಕ್ಯಾಮೆರಾ. ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷ.

ಗೋಡೆಯ ಗಡಿಯಾರದಲ್ಲಿ ಹತ್ತು ಐವತ್ತು!

"ನಿಂತುಹೋದ ಗಡಿಯಾರ!" ಎಂದು ಚಿಕ್ಕವಳು ಸೋಫಾದ ಮೇಲೆ ಕುಪ್ಪಳಿಸಿದಳು. "ಅದು ಯಾವ ವರ್ಷ ನಿಂತಿತ್ತೋ!"

ನನಗೆ ಗರ ಬಡಿದಂತಾಯಿತು. ಒಂದು ಕ್ಯಾಮೆರಾದ ಗಡಿಯಾರಕ್ಕೆ ತಲೆಬುಡವಿಲ್ಲ. ಗೋಡೆಯ ಗಡಿಯಾರಕ್ಕೆ ಜೀವವೇ ಇಲ್ಲ. ನನ್ನ ಮುಂದೆ ನಿಂತಿರುವ ಇಬ್ಬರು ಹೆಣ್ಣುಮಕ್ಕಳಲ್ಲಿ ಅಕ್ಕ ಯಾರು, ತಂಗಿ ಯಾರು? ಹದಿನಾಲ್ಕು ಸಾವಿರ ಫೋಟೋಗಳಿಗೆ ಹೆಸರಿಟ್ಟ ಮಹಾಶಯನಿಗೆ ಸ್ವಂತ ಮಕ್ಕಳನ್ನು ಏನೆಂದು ಕರೆಯಬೇಕೆಂದು ಗೊತ್ತಿಲ್ಲ! ಈ ಬರಹದಲ್ಲೂ ದೊಡ್ಡವಳು, ಚಿಕ್ಕವಳು ಎಂದು ಬರೆಯುವ ಹಕ್ಕು ಈ ಸಾಲಿನಿಂದ ಮುಂದೆ ನನಗಿಲ್ಲ. ಅಭ್ಯಾಸಬಲದಿಂದ ಬರೆಯುತ್ತೇನೆ, ಓದುಗರು ಕ್ಷಮಿಸಬೇಕು.

"ನಾನು ಈಗಲಾದ್ರೂ..." ಎಂದಳು ಹೆಂಡತಿ, ಮೂರನೆಯ ಸಲ.

"ದಯವಿಟ್ಟು! ಈಗ ಬೇಕಾಗಿರೋದು ಸಾಕ್ಷ್ಯ! ಯಾರ ನೆನಪೂ ಅಲ್ಲ, ಸಾಕ್ಷ್ಯ!"

ಅವಳು ನನ್ನನ್ನು ಒಂದು ಸಲ ನೋಡಿದಳು. ಎದ್ದು ಕೋಣೆಗೆ ಹೋದಳು. ಬೀರು ತೆರೆದ ಸದ್ದು ಕೇಳಿಸಿತು. ಒಂದು ನಿಮಿಷವೂ ಆಗಿರಲಿಲ್ಲ, ಹಳದಿಯಾದ ಒಂದು ಹಾಳೆ ತಂದು ನನ್ನ ಮುಂದಿಟ್ಟಳು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಟ್ಟ ಕಾಗದ. ಅವಳ ಬೀರುವಿನಲ್ಲಿ ಯಾವುದರ ಮೇಲೂ ಚೀಟಿಯಿಲ್ಲ. ಆದರೂ ಏನು ಕೇಳಿದರೂ ಒಂದೇ ನಿಮಿಷಕ್ಕೆ ಸಿಗುತ್ತದೆ. ಇದರ ಗುಟ್ಟು ವಿಜ್ಞಾನಕ್ಕೆ ಇನ್ನೂ ತಿಳಿದಿಲ್ಲ.

ಹಾಳೆಯಲ್ಲಿ ಮಕ್ಕಳ ಹೆಸರಿರಲಿಲ್ಲ. ಆಗ ಹೆಸರೇ ಇಟ್ಟಿರಲಿಲ್ಲವಲ್ಲ. ಹೀಗಿತ್ತು: ಮೊದಲ ಮಗು, ಹೆಣ್ಣು, ಹತ್ತು ಮೂವತ್ತಾರು, ತೂಕ 2.150. ಎರಡನೇ ಮಗು, ಹೆಣ್ಣು, ಹತ್ತು ನಲವತ್ತು, ತೂಕ 2.420.

ತೂಕ! ನಾನು ಯಾಕೆ ಇಷ್ಟು ಹೊತ್ತೂ ಸಮಯದ ಹಿಂದೆ ಓಡುತ್ತಿದ್ದೆ? ಅತ್ತೆಯ ಫೋಟೋದಲ್ಲಿ ಮಗು ಮಲಗಿರುವುದೇ ತೂಕದ ಯಂತ್ರದ ಮೇಲೆ! ಕೆಂಪು ಅಂಕಿಗಳು ಅಲ್ಲೇ ಮಿನುಗುತ್ತಿವೆ! ಆ ಮೂಲೆಯನ್ನು ದೊಡ್ಡದು ಮಾಡಿದೆ. ಮಸುಕಾಗಿತ್ತು. ಇನ್ನೂ ಸ್ವಲ್ಪ. ಎಲ್ಲರೂ ಟಿವಿಗೆ ಮೂಗು ತಾಗಿಸಿ ನಿಂತೆವು.

2.150.

ಮಚ್ಚೆಯ ಮಗು ಎರಡು ಕಿಲೋ ನೂರೈವತ್ತು ಗ್ರಾಂ. ಮಚ್ಚೆಯ ಮಗುವೇ ಮೊದಲ ಮಗು. ನಮ್ಮ ಚಿಕ್ಕವಳೇ ಅಕ್ಕ!

ನಾನು ಕುರ್ಚಿಯ ಮೇಲೆ ಕುಸಿದೆ. ಕುರ್ಚಿ ಅಲ್ಲಿರಲಿಲ್ಲ, ಟಿವಿ ಜೋಡಿಸುವಾಗ ನಾನೇ ಸರಿಸಿದ್ದೆ. ನೆಲದ ಮೇಲೆ ಕೂತೇ ಮಾತು ಮುಂದುವರಿಸಿದೆ.

"ಸಾಧ್ಯವೇ ಇಲ್ಲ! ನಾನು ಚೀಟಿ ಅಂಟಿಸಿದ್ದೆ! 'ಒಂದು' ಅಂತ ಬರೆದು, ನನ್ನ ಈ ಕೈಯಾರೆ..."

"ಎಲ್ಲಿಗೆ ಅಂಟಿಸಿದ್ರಿ?" ಎಂದಳು ಹೆಂಡತಿ.

"ಎಲ್ಲಿಗೆ ಅಂದ್ರೆ? ಮಗುವಿಗೆ ಸುತ್ತಿದ್ದ ಬಟ್ಟೆ..."

ಅತ್ತೆ ಒಂದು ಕ್ಷಣ ತಡೆದು ಸಂಪರ್ಕ ಕೊಟ್ಟರು. "ತೂಕ ಮಾಡೋಕೆ ಅಂತ ಎರಡೂ ಮಕ್ಕಳ ಬಟ್ಟೆ ಬಿಚ್ಚಿದ್ರು, ಅಳಿಯಂದ್ರೇ. ಎರಡನ್ನೂ ಒಂದೇ ಮೇಜಿನ ಮೇಲೆ ಹಾಕಿದ್ರು. ಮತ್ತೆ ಸುತ್ತಿಕೊಟ್ಟಿದ್ದು ನಾನೇ. ಯಾವುದು ಕೈಗೆ ಸಿಕ್ತೋ ಅದು."

"ಚೀಟಿ ನೋಡ್ಲಿಲ್ವಾ ಅತ್ತೆ?"

"ನೋಡ್ದೆ. ಆಸ್ಪತ್ರೆಯವರು ಬಟ್ಟೆ ಒಗೆಯೋಕೆ ಹಾಕಿರೋ ನಂಬರು ಅಂದ್ಕೊಂಡೆ."

ಹತ್ತೊಂಬತ್ತು ವರ್ಷ! ಬಂದ ಹೊಸಬರಿಗೆಲ್ಲ ಬೋಧಿಸಿದ ಒಂದೇ ಒಂದು ವಾಕ್ಯ! ಕೆರೆ ನೀರಿನ ಬಾಟಲಿಯಲ್ಲಿ ಎಂದೂ ಮಾಡದ ತಪ್ಪನ್ನು ನಾನು ಜೀವಮಾನದಲ್ಲಿ ಒಂದೇ ಸಲ, ನನ್ನ ಸ್ವಂತ ಮಕ್ಕಳ ಮೇಲೆ ಮಾಡಿದ್ದೆ. ಚೀಟಿಯನ್ನು ಮುಚ್ಚಳಕ್ಕೆ ಅಂಟಿಸಿದ್ದೆ!

"ನಿನಗೆ ಗೊತ್ತಿತ್ತು," ಎಂದೆ ಹೆಂಡತಿಯ ಕಡೆ ತಿರುಗಿ.

"ಹೆತ್ತವಳು ನಾನಲ್ವಾ? ಡಾಕ್ಟರು ಮೊದಲ ಮಗೂನ ಎತ್ತಿ ಹಿಡಿದಾಗ ನನ್ನ ಕಣ್ಣಿಗೆ ಬಿದ್ದದ್ದೇ ಆ ಹಿಮ್ಮಡಿ. ಬೆಳಿಗ್ಗೆಯಿಂದ ಮೂರು ಸಲ ಹೇಳೋಕೆ ಬಂದೆ. ಒಂದು ನಿಮಿಷ ಇರೇ, ಲೆಕ್ಕ ತಪ್ಪುತ್ತೆ, ಸಾಕ್ಷ್ಯ ಬೇಕು. ಎದುರಿಗೇ ಕೂತಿದ್ದೆ ಕಣ್ರೀ ಸಾಕ್ಷ್ಯ!"

"ಮತ್ತೆ ಹನ್ನೊಂದು ವರ್ಷ ಯಾಕೆ ಸುಮ್ನಿದ್ದೆ?"

ಅವಳು ದನಿ ತಗ್ಗಿಸಿ ಹೇಳಿದಳು. "ಆವತ್ತೇ ಹೇಳ್ತಿದ್ದೆ. ನನ್ನನ್ನ ವಾರ್ಡಿಗೆ ತರೋ ಹೊತ್ತಿಗೆ ನೀವು ಇಪ್ಪತ್ತಾರು ಜನಕ್ಕೆ ಫೋನ್ ಮಾಡಿ ಮುಗಿಸಿದ್ರಿ. ಚೀಟಿ ಇದ್ದ ಮಗೂನ ಎದೆಗೆ ಒತ್ತಿಕೊಂಡು, 'ನನ್ನ ದೊಡ್ಡವಳು, ನನ್ನ ದೊಡ್ಡವಳು' ಅಂತ ಅಳ್ತಿದ್ರಿ. ಅದಕ್ಕೆ ಮುಂಚೆ ನೀವು ಅತ್ತಿದ್ದನ್ನ ನಾನು ನೋಡಿರ್ಲಿಲ್ಲ. ನಾಲ್ಕು ನಿಮಿಷಕ್ಕೋಸ್ಕರ ಅದನ್ನ ನಿಲ್ಲಿಸೋಕೆ ಮನಸ್ಸಾಗ್ಲಿಲ್ಲ."

ನೆಲದ ಮೇಲೆ ಕೂತಿದ್ದ ನನಗೆ ಏಳಬೇಕೆನಿಸಲಿಲ್ಲ.

ಚಿಕ್ಕವಳಿಗೆ ಇಂಥ ಯಾವ ಸಂಕಟವೂ ಇರಲಿಲ್ಲ. ಎರಡೂ ಕೈ ಮೇಲೆತ್ತಿ ಹಜಾರವನ್ನು ಎರಡು ಸುತ್ತು ಬಂದಳು. "ಮುಂದಿನ ಸೀಟು ನಂದು! ಮೇಲಿನ ಹಾಸಿಗೆ ನಂದು! ಕೋಣೆ ನಂದು!" ಆಮೇಲೆ ಸಹೋದರಿಯ ಮುಂದೆ ನಿಂತು, "ಇನ್ಮೇಲೆ ನೀನು ನನ್ನ ಅಕ್ಕ ಅನ್ನಬೇಕು. ಅನ್ನು ನೋಡೋಣ."

ದೊಡ್ಡವಳು ತಲೆ ಎತ್ತಿದಳು. ನ್ಯಾಯ ಎಂದರೆ ನ್ಯಾಯ ಎಂದು ನಾನೇ ಕಲಿಸಿದ ಮಗು. "ಸರಿ... ಅಕ್ಕ," ಎಂದಳು.

ಚಿಕ್ಕವಳ ಮುಖ ಹುಳಿ ತಿಂದಂತಾಯಿತು. "ಥೂ, ಬೇಡ. ಏನೋ ಥರ ಆಗುತ್ತೆ."

ದೊಡ್ಡವಳು ಎದ್ದು, ಯಾರನ್ನೂ ನೋಡದೆ, ಮೆಟ್ಟಿಲು ಹತ್ತಿ ಹೋದಳು.

ಐದು ನಿಮಿಷ ಬಿಟ್ಟು ನಾನೂ ಹತ್ತಿದೆ. ಸಣ್ಣ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವಳು ಮಂಡಿಯೂರಿ ಕೂತು ನಕ್ಷತ್ರಗಳ ನಕ್ಷೆಯನ್ನು ಗೋಡೆಯಿಂದ ಬಿಡಿಸುತ್ತಿದ್ದಳು. ಕಾಗದ ಹರಿಯದಂತೆ, ಬಣ್ಣ ಏಳದಂತೆ, ಟೇಪಿನ ಒಂದೊಂದು ಮೂಲೆಯನ್ನೂ ಉಗುರಿನಿಂದ ಮೆಲ್ಲಗೆ ಎತ್ತುತ್ತಿದ್ದಳು. ಚೀಟಿ ಬಿಡಿಸುವುದರಲ್ಲೂ ಅದೆಷ್ಟು ಶಿಸ್ತು! ನನ್ನ ಮಗಳೇ, ಸಂಶಯವಿಲ್ಲ.

"ಮಗಳೇ," ಎಂದೆ. ಅದೊಂದು ಹೆಸರಿನ ಬಗ್ಗೆ ಮಾತ್ರ ನನಗೆ ಧೈರ್ಯವಿತ್ತು.

"ಪರವಾಗಿಲ್ಲ ಅಪ್ಪಾ. ನಂಗೆ ಕೋಣೆ ಬೇಡ." ಅವಳು ನನ್ನ ಕಡೆ ತಿರುಗಲಿಲ್ಲ. "ಆದ್ರೆ ನಾಳೆ ಶಾಲೆಗೆ ಹೋಗೋವಾಗ ರಸ್ತೆ ಹೇಗೆ ದಾಟೋದು? ಅವಳು ಎರಡೂ ಕಡೆ ನೋಡಲ್ಲ. ಮಾತಾಡ್ತಾ ಮಾತಾಡ್ತಾ ನುಗ್ತಾಳೆ. ನಾನು ಅಕ್ಕ ಅಲ್ಲ ಅಂದ್ರೆ ಕೈ ಕೊಡ್ತಾಳಾ?"

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದು. ನನ್ನನ್ನು ಪಕ್ಕಕ್ಕೆ ತಳ್ಳಿಕೊಂಡು ಚಿಕ್ಕವಳು ಒಳಗೆ ನುಗ್ಗಿದಳು.

"ಅಯ್ಯೋ ಅಕ್ಕಾ, ಹರಿದುಹೋಗುತ್ತೆ! ಆ ಕಡೆ ನಾನು ಹಿಡ್ಕೋತೀನಿ ಇರು!"

ಹೇಳಿದವಳೂ ಕೇಳಿದವಳೂ ಒಟ್ಟಿಗೆ ನಿಂತರು. ನಕ್ಷೆ ಒಂದು ಮೂಲೆಯಿಂದ ನೇತಾಡುತ್ತಿತ್ತು.

"ಬಾಯಿಗೆ ಹಾಗೇ ಬರುತ್ತೆ," ಎಂದಳು ಚಿಕ್ಕವಳು ಸಿಡುಕಿನಿಂದ. ಆಮೇಲೆ ಸ್ವಲ್ಪ ಯೋಚಿಸಿ, "ಒಂದು ಕೆಲ್ಸ ಮಾಡೋಣ. ಅಕ್ಕ ಅನ್ನೋದು ನೀನೇ ಇಟ್ಕೋ. ಕೋಣೆ ನಂಗೆ ಕೊಡು."

"ರಸ್ತೆ ದಾಟೋವಾಗ?"

"ನೀನೇ ಕೈ ಹಿಡ್ಕೋ. ಅದು ಅಕ್ಕನ ಕೆಲ್ಸ."

"ಏನಾದ್ರೂ ಒಡೆದ್ರೆ ಬೈಸಿಕೊಳ್ಳೋದು?"

"ಅದೂ ಅಕ್ಕನ ಕೆಲ್ಸಾನೇ."

"ಹಾಗಾದ್ರೆ ಅರ್ಧ ಕೋಣೆ ನಂಗೆ."

"ಕಾಲು."

"ಕಿಟಕಿ ಇರೋ ಕಾಲು."

"ಹೂಂ... ಸರಿ. ಆದ್ರೆ ನಕ್ಷೆ ಇಲ್ಲೇ ಇರ್ಲಿ. ಗೋಡೆ ಬೋಳಾಗಿ ಕಾಣುತ್ತೆ."

ನನಗೆ ತಡೆಯಲಾಗಲಿಲ್ಲ. "ಒಳ್ಳೇ ಒಪ್ಪಂದ! ಇದನ್ನ ಈಗಲೇ ಬರೆದು, ದಿನಾಂಕ ಹಾಕಿ, ಗಂಟೆ ನಿಮಿಷ..."

"ಅಪ್ಪಾ, ಬೇಡ!" ಎಂದು ಇಬ್ಬರೂ ಒಂದೇ ದನಿಯಲ್ಲಿ ಕೂಗಿದರು. ನನ್ನ ಅಂದಾಜಿನಲ್ಲಿ ಇಬ್ಬರ ನಡುವೆ ಅರ್ಧ ಸೆಕೆಂಡೂ ಅಂತರವಿರಲಿಲ್ಲ.

ನಾನು ಕೆಳಗಿಳಿದೆ. ಹಜಾರದಲ್ಲಿ ಹೆಂಡತಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪಕ್ಕದಲ್ಲಿ ಅತ್ತೆ. ಇಬ್ಬರೂ ಪರದೆ ನೋಡುತ್ತಾ, ಸೆರಗು ಬಾಯಿಗೊತ್ತಿ ನಗುತ್ತಿದ್ದರು. ನನ್ನ ಸಾಲುಸಾಲು ಅಂಕಿಗಳ ಸೇನೆಯ ನಡುವೆ ಎರಡು ಫೋಟೋಗಳು ಸಮವಸ್ತ್ರ ಕಳಚಿ ನಿಂತಿದ್ದವು. ಒಂದರ ಹೆಸರು "ತಂಗಿ ಕುರ್ಚಿಯಿಂದ ಬಿದ್ದದ್ದು". ಎರಡನೆಯದು, ನಾನು ಚೀಟಿ ಅಂಟಿಸಿ ತೆಗೆದ ಆ ಫೋಟೋ. ಅದಕ್ಕೆ ಅವಳು "ಇವರು ಮುಚ್ಚಳಕ್ಕೆ ಚೀಟಿ ಅಂಟಿಸಿದ್ದು" ಎಂದು ಹೆಸರಿಟ್ಟಿದ್ದಳು.

ಗಂಟಲು ಸರಿಮಾಡಿಕೊಂಡೆ. ಹತ್ತೊಂಬತ್ತು ವರ್ಷಗಳ ಅಭ್ಯಾಸ ಒಂದೇ ಮಧ್ಯಾಹ್ನದಲ್ಲಿ ಬಿಟ್ಟುಹೋಗುತ್ತದೆಯೇ?

"ಹೆಸರು ಚೆನ್ನಾಗಿದೆ. ಆದ್ರೆ ಅದರಲ್ಲಿ ಸಮಯಾನೇ ಇಲ್ವಲ್ಲೇ?"

ಹೆಂಡತಿ ಕೀಲಿಮಣೆ ನನ್ನ ಕಡೆ ಸರಿಸಿದಳು.

"ಬೇಕಾದ್ರೆ ನೀವೇ ಸೇರಿಸಿ. ಹತ್ತು ಐವತ್ತು ಅಂತ ಹಾಕಿ."